ಏಳಡಿ ಹೋಸು ಯಾರಿಗಾಗಿ?

ಹೋದ ಭಾನುವಾರ ರಾತ್ರಿ ಹತ್ತಕ್ಕೆ ರಾಯಚೂರಿನ ದೋಸ್ತನ ಫೋನ್ ಬಂತು. ಶಕ್ತಿನಗರದಲ್ಲಿ ಶಿಫ್ಟ್ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ, ಊಟಕ್ಕೂ ಕೂತಿರಲಿಲ್ಲ. "ಲೇ, ಸೈಡ್‌ಮೌಂಟ್ ತಗೊಂಡೆ ನೋಡಪ" ಅಂದ. ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಎರಡು ವರ್ಷದಿಂದ ನಾವಿಬ್ಬರೂ ಬೆನ್ನಿಗೆ ಜೋಡಿ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಡೈವಿಂಗ್ ಕಲಿತವರು. ಒಂದೇ ಥರ ಗಾಳಿಯ ಹೋಸು, ಒಂದೇ ಥರ ಕ್ಲಿಪ್ಪು, ಚಾಕು ಕೂಡ ಇಬ್ಬರಿಗೂ ಸೊಂಟದ ಬೆಲ್ಟಿನ ಅದೇ ಜಾಗದಲ್ಲಿ. ಮಾರ್ಚ್‌ನಲ್ಲಿ ಇಬ್ಬರೂ ಥಾಯ್ಲೆಂಡಿಗೆ ಹೋಗಬೇಕು, ರಜೆ ಬರೆದುಕೊಟ್ಟಾಗಿದೆ. ಈಗ ಇವನು ಬೆನ್ನಿನ ಸಿಲಿಂಡರ್ ಬಿಟ್ಟು, ಎಡಕ್ಕೊಂದು ಬಲಕ್ಕೊಂದು ಪಕ್ಕೆಗೆ ತೂಗು ಹಾಕಿಕೊಂಡು ಬರ್ತೀನಿ ಅಂತಾನೆ.

ಒಂದೂವರೆ ಗಂಟೆ ಜಗಳ ಆಡಿದೆವು. ಅದರಲ್ಲಿ ಅವನು ಹೇಳಿದ್ದರಲ್ಲೂ ನ್ಯಾಯ ಇತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಗ್ಯಾಸ್ ಲೈನ್ ಮೇಂಟೆನೆನ್ಸ್ ನನ್ನ ಕೆಲಸ. ಬಳ್ಳಾರಿಯವನಿಗೆ ಸಮುದ್ರದ ಹುಚ್ಚು ಎಲ್ಲಿಂದ ಹತ್ತಿತು ಅಂತ ಎಲ್ಲರೂ ಕೇಳ್ತಾರೆ. ಮುರುಡೇಶ್ವರಕ್ಕೆ ರಾತ್ರಿ ಬಸ್ಸು ಹಿಡಿದು ಹೋಗಿ, ನೇತ್ರಾಣಿಯಲ್ಲಿ ಮೊದಲ ಸಲ ಮುಳುಗಿದೆ, ಅಲ್ಲಿಂದ ಬಿಡಲಿಲ್ಲ. ಅದು ಸಾಮಾನ್ಯ ಡೈವಿಂಗ್. ತೊಂದರೆ ಆದರೆ ನಿಧಾನಕ್ಕೆ ಮೇಲೆ ಬಂದುಬಿಡಬಹುದು. ಟೆಕ್ನಿಕಲ್ ಡೈವಿಂಗ್ ಹಂಗಲ್ಲ. 40 ಮೀಟರಿಗಿಂತ ಕೆಳಗೆ ಇಳಿಯುವುದು, ಗುಹೆಯ ಒಳಗೆ ಹೋಗುವುದು, ಮುಳುಗಿದ ಹಡಗಿನ ಹೊಟ್ಟೆಗೆ ನುಗ್ಗುವುದು, ಇಲ್ಲವೇ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲಿ ಅಂತ ದಾರಿಯಲ್ಲಿ ನಿಂತು ನಿಂತು ಮೇಲೆ ಬರಬೇಕಾದ ಡೈವು. ತಲೆಯ ಮೇಲೆ ಕಲ್ಲಿನ ಚಾವಣಿ ಇರುತ್ತದೆ, ಇಲ್ಲ ಅಂದರೆ ಕಣ್ಣಿಗೆ ಕಾಣದ ಚಾವಣಿ ಇರುತ್ತದೆ. ಏನೇ ಆದರೂ ಅಲ್ಲೇ, ನೀರಿನೊಳಗೇ ಬಗೆಹರಿಸಿಕೊಳ್ಳಬೇಕು. ಜೊತೆಗೆ ಇರುವವನು ಒಬ್ಬ ದೋಸ್ತ ಮಾತ್ರ.

ಹಾಗಾಗಿ ಸಾಮಾನು ಹೇಗಿರಬೇಕು ಅನ್ನೋ ಜಗಳ ಈ ಲೋಕದಲ್ಲಿ ಮೂವತ್ತು ವರ್ಷದಿಂದ ನಡೆದೇ ಇದೆ.

ಶುರುವಾಗಿದ್ದು ಅಮೆರಿಕದ ಫ್ಲೋರಿಡಾದಲ್ಲಿ. ಅಲ್ಲಿನ ಸುಣ್ಣಕಲ್ಲಿನ ನೆಲದೊಳಗೆ ನೀರು ತುಂಬಿದ ಗುಹೆಗಳು ಮೈಲಿಗಟ್ಟಲೆ ಹರಡಿವೆ. ವಕುಲ್ಲಾ ಅನ್ನೋ ಚಿಲುಮೆಯ ಒಳಗೆ ಗುಹೆ ಸುಮಾರು 90 ಮೀಟರ್ ಆಳದಲ್ಲಿ ಸಾಗುತ್ತದೆ. ಮೊದಮೊದಲು ಅಂಥ ಗುಹೆಗಳಿಗೆ ಹೋದವರು ಬಹಳ ಜನ ವಾಪಸ್ ಬರಲಿಲ್ಲ. ಶೆಕ್ ಎಕ್ಸ್‌ಲಿ ಅನ್ನೋ ಡೈವರ್ 1970ರ ದಶಕದಲ್ಲಿ ಸತ್ತವರ ಪ್ರಕರಣಗಳನ್ನು ಕೂತು ಒಂದೊಂದಾಗಿ ನೋಡಿದ. ಮತ್ತೆ ಮತ್ತೆ ಅವೇ ಕಾರಣ ಸಿಕ್ಕವು: ದಾರಿ ತೋರುವ ಹಗ್ಗವನ್ನು ಬಾಗಿಲವರೆಗೂ ಬಿಡದೆ ಎಳೆದಿರಲಿಲ್ಲ, ವಾಪಸ್ ಬರಲು ಸಾಕಾಗುವಷ್ಟು ಗಾಳಿ ಉಳಿಸಿರಲಿಲ್ಲ, ತೀರಾ ಆಳಕ್ಕೆ ಇಳಿದಿದ್ದರು. ಇಂದಿಗೂ ಗುಹೆ ಡೈವಿಂಗ್ ಪಾಠ ಶುರುವಾಗುವುದು ಅಲ್ಲಿಂದಲೇ. ಅಷ್ಟು ತಿಳಿದಿದ್ದ ಎಕ್ಸ್‌ಲಿಯೂ 1994ರಲ್ಲಿ ಮೆಕ್ಸಿಕೋದ ಸಕಟೋನ್ ಬಾವಿಯ ಆಳದಲ್ಲಿ ತೀರಿಕೊಂಡ.

ಅದೇ ಫ್ಲೋರಿಡಾ ಸೀಮೆಯಲ್ಲಿ ಬಿಲ್ ಹೋಗಾರ್ಥ್ ಮೇನ್ ಅನ್ನೋನು ಮೈಮೇಲಿನ ಸಾಮಾನನ್ನು ಕಡಿಮೆ ಮಾಡುತ್ತಾ ಹೋದ. ಬೇಡದ್ದು ಯಾವುದೂ ಇರಬಾರದು, ಇರೋದು ಯಾವುದೂ ಜೋತಾಡಬಾರದು. ಅವನ ಹೆಸರಿನಿಂದಲೇ ಆ ಜೋಡಣೆಗೆ ಹೋಗಾರ್ಥಿಯನ್ ಅಂತ ಹೆಸರು ಬಂತು. ವಕುಲ್ಲಾ ಕಡೆಯ ಗುಹೆಗಳನ್ನು ಹುಡುಕುತ್ತಿದ್ದ ತಂಡದ ಜಾರ್ಜ್ ಅರ್ವಿನ್, ಜ್ಯಾರಡ್ ಜಬ್ಲಾನ್‌ಸ್ಕಿ ಇದನ್ನೇ ಬಿಗಿ ಮಾಡಿ, ತಂಡದಲ್ಲಿ ಎಲ್ಲರೂ ಒಂದೇ ಥರ ಸಾಮಾನು, ಒಂದೇ ಥರ ಗ್ಯಾಸು, ಒಂದೇ ಥರ ಕ್ರಮ ಇಟ್ಟುಕೊಳ್ಳಬೇಕು ಅಂದರು. ಅದಕ್ಕೆ 'ಡೂಯಿಂಗ್ ಇಟ್ ರೈಟ್' ಅಂತ ಹೆಸರಿಟ್ಟರು, ಚಿಕ್ಕದಾಗಿ ಡಿಐಆರ್. ಹೆಸರಲ್ಲೇ ಜಗಳ ಇದೆ, ನೋಡಿ. ನಾವು ಮಾಡೋದು ಸರಿ ಅಂದ ಮೇಲೆ ಉಳಿದವರು ಮಾಡೋದು ತಪ್ಪು ಅಂತಲೇ ಆಯ್ತಲ್ವಾ? 1998ರಲ್ಲಿ ಜಬ್ಲಾನ್‌ಸ್ಕಿ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್, ಚಿಕ್ಕದಾಗಿ ಜಿಯುಇ, ಅನ್ನೋ ಸಂಸ್ಥೆ ಕಟ್ಟಿ ಇದನ್ನು ಕಲಿಸಲು ಶುರು ಮಾಡಿದ. 2007ರಲ್ಲಿ ಆ ತಂಡದ ಇಬ್ಬರು ಟರ್ನರ್ ಸಿಂಕ್ ಅನ್ನೋ ಹೊಂಡದಲ್ಲಿ ಇಳಿದು, ನೆಲದೊಳಗೇ ಸುಮಾರು 11 ಕಿಲೋಮೀಟರ್ ಸಾಗಿ ವಕುಲ್ಲಾದಲ್ಲಿ ಹೊರಗೆ ಬಂದರು. ಅದನ್ನು ಮಾಡಿ ತೋರಿಸಿದವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಈಗ ಆ ಏಳಡಿ ಹೋಸಿನ ವಿಷಯ.

ಸಿಲಿಂಡರಿನ ಗಾಳಿ ಉಸಿರಾಡಲು ಬಾಯಲ್ಲಿ ಇಟ್ಟುಕೊಳ್ಳುವ ರೆಗ್ಯುಲೇಟರಿಗೆ ಏಳಡಿ ಉದ್ದದ ಹೋಸು ಇರುತ್ತದೆ. ಬಲಗಡೆಯ ವಾಲ್ವಿನಿಂದ ಹೊರಟು, ಬೆನ್ನಿನ ಪಕ್ಕ ಕೆಳಗಿಳಿದು, ಬಲ ಸೊಂಟದ ಟಾರ್ಚಿನ ಡಬ್ಬಿಯ ಕೆಳಗೆ ಸಿಕ್ಕಿಸಿಕೊಂಡು, ಎದೆಯ ಮೇಲೆ ಅಡ್ಡ ಹಾಯ್ದು ಎಡ ಭುಜಕ್ಕೆ ಏರಿ, ಕತ್ತಿನ ಹಿಂದಿನಿಂದ ಸುತ್ತಿ ಬಲಗಡೆಯಿಂದ ಬಾಯಿಗೆ ಬರುತ್ತದೆ. ಇನ್ನೊಂದು ರೆಗ್ಯುಲೇಟರ್ ಚಿಕ್ಕ ಹೋಸಿನದು, ರಬ್ಬರ್ ದಾರದಲ್ಲಿ ತಾಳಿಯ ಹಾಗೆ ಗದ್ದದ ಕೆಳಗೇ ತೂಗುತ್ತಿರುತ್ತದೆ. ದೋಸ್ತನಿಗೆ ಗಾಳಿ ಮುಗಿಯಿತು ಅಂದರೆ ನನ್ನ ಬಾಯಲ್ಲಿರೋದನ್ನೇ ತೆಗೆದು ಅವನಿಗೆ ಕೊಡುತ್ತೇನೆ. ಗದ್ದ ಬಗ್ಗಿಸಿ ಕತ್ತಿನದನ್ನು ನಾನು ಬಾಯಿಗೆ ಹಾಕಿಕೊಳ್ಳುತ್ತೇನೆ.

ಬಾಯಲ್ಲಿರೋದನ್ನೇ ಯಾಕೆ ಕೊಡಬೇಕು? ಉಸಿರು ಸಿಗದೆ ಗಾಬರಿಯಾದವನು ನಿಮ್ಮ ಬಾಯಿಗೇ ಕೈ ಹಾಕುತ್ತಾನೆ. ಅದರಲ್ಲಿ ಗುಳ್ಳೆ ಬರುತ್ತಿರೋದು ಅವನ ಕಣ್ಣಿಗೆ ಕಾಣುತ್ತದೆ, ಅಂದರೆ ಅದರಲ್ಲಿ ಗಾಳಿ ಇದೆ. ಅವನು ಹೇಗಿದ್ದರೂ ಕಿತ್ತುಕೊಳ್ಳೋದನ್ನು ಮೊದಲೇ ಕೊಟ್ಟುಬಿಡುವುದು ಈ ಕ್ರಮ. ಏಳಡಿ ಯಾಕೆ ಅಂದರೆ ಇಕ್ಕಟ್ಟಾದ ಗುಹೆಯಲ್ಲಿ ಇಬ್ಬರು ಪಕ್ಕಪಕ್ಕ ಈಜಲು ಆಗಲ್ಲ, ಒಬ್ಬನ ಹಿಂದೆ ಒಬ್ಬನು ಹೊರಗೆ ಬರಬೇಕು. ಬಲ ವಾಲ್ವೇ ಯಾಕೆ ಅನ್ನೋದು ನನಗೆ ಬಹಳ ಹಿಡಿಸಿದ ಮಾತು. ಮುಂದೆ ಸಾಗುವಾಗ ವಾಲ್ವಿನ ಗುಂಡಿ ಮೇಲಿನ ಕಲ್ಲಿಗೆ ಉಜ್ಜಿದರೆ ಎಡಗಡೆಯದು ತಿರುಗಿ ತಿರುಗಿ ಮುಚ್ಚಿಕೊಳ್ಳುತ್ತದೆ, ಬಲಗಡೆಯದು ಇನ್ನೂ ತೆರೆದುಕೊಳ್ಳುತ್ತದೆ. ಅದಕ್ಕೆ, ಆಪತ್ತಿನಲ್ಲಿ ಇನ್ನೊಬ್ಬರಿಗೆ ಕೊಡಬೇಕಾದ ರೆಗ್ಯುಲೇಟರನ್ನು ಬಲಗಡೆ ಕೂರಿಸುತ್ತಾರೆ.

ಇದನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮ ಕಾರ್ಖಾನೆಯ ಸಿಲಿಂಡರ್ ಯಾರ್ಡ್ ನೆನಪಾಯಿತು. ಅಸಿಟಿಲಿನ್ ರೆಗ್ಯುಲೇಟರಿಗೆ ಎಡ ಮರೆ, ಅಂದರೆ ಎಡಕ್ಕೆ ತಿರುಗಿಸಿ ಬಿಗಿಯುವ ಥ್ರೆಡ್ಡು, ಆಕ್ಸಿಜನ್ನಿಗೆ ಬಲ ಮರೆ. ಎಡ ಮರೆಯ ನಟ್ಟಿನ ಮೂಲೆಗಳಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗಲಿ ಅಂತ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆ ಒಂದು ಕಡೆ, ಮಳೆಗಾಲದ ರಾತ್ರಿ ಒಬ್ಬ ಹೆಲ್ಪರ್ ಹುಡುಗ ಆಕ್ಸಿಜನ್ ರೆಗ್ಯುಲೇಟರ್ ತಂದು ಬಣ್ಣ ಹೋಗಿದ್ದ ಅಸಿಟಿಲಿನ್ ಸಿಲಿಂಡರಿಗೆ ಹಾಕಲು ಹೊರಟಿದ್ದ. ತಿರುಗಿಸಿದ, ತಿರುಗಿಸಿದ, ಕೂರಲೇ ಇಲ್ಲ. "ಅಣ್ಣಾ, ಮರೆ ಹೋಗೈತಿ" ಅಂತ ನನ್ನನ್ನು ಕರೆದ. ಮರೆ ಹೋಗಿರಲಿಲ್ಲ. ಆ ಮರೆಯೇ ಅವನ ಕೈ ಹಿಡಿದು ನಿಲ್ಲಿಸಿತ್ತು. ಆಸ್ಪತ್ರೆಯ ಸಿಲಿಂಡರುಗಳಲ್ಲೂ ಹೀಗೇ ಇದೆ: ಆಕ್ಸಿಜನ್ನಿಗೆ ಬಿಳಿ ಭುಜ, ನೈಟ್ರಸ್ ಆಕ್ಸೈಡಿಗೆ ನೀಲಿ ಅಂತ ಬಣ್ಣ ಇದ್ದರೂ ಬಣ್ಣವನ್ನೊಂದೇ ನಂಬುವುದಿಲ್ಲ. ವಾಲ್ವಿನ ಮೇಲೆ ತೂತುಗಳಿರುತ್ತವೆ, ಒಂದೊಂದು ಗ್ಯಾಸಿಗೆ ಒಂದೊಂದು ಜಾಗದಲ್ಲಿ. ಸಿಲಿಂಡರನ್ನು ಹಿಡಿಯುವ ನೊಗದ ಮೊಳೆಗಳು ಆ ತೂತುಗಳಿಗೆ ಹೊಂದಬೇಕು, ತಪ್ಪು ಸಿಲಿಂಡರ್ ಕೂರುವುದೇ ಇಲ್ಲ.

ನೀರಿನ ಕೆಳಗೆ ಆ ಅನುಕೂಲ ಇಲ್ಲ. ಆಳಕ್ಕೆ ಇಳಿಯುವಾಗ ಬೇರೆ ಬೇರೆ ಗ್ಯಾಸಿನ ಸಿಲಿಂಡರುಗಳನ್ನು ಪಕ್ಕದಲ್ಲಿ ಕೊಂಡೊಯ್ಯುತ್ತೇವೆ, ಎಲ್ಲಕ್ಕೂ ಅದೇ ಥರದ ರೆಗ್ಯುಲೇಟರ್. ಮೇಲೆ ಬರುವಾಗ 21 ಮೀಟರಿನಲ್ಲಿ ಅರ್ಧ ಆಕ್ಸಿಜನ್ ಇರುವ ಗ್ಯಾಸಿಗೆ ಬದಲಾಯಿಸುತ್ತೇವೆ, 6 ಮೀಟರಿನಲ್ಲಿ ಶುದ್ಧ ಆಕ್ಸಿಜನ್ನಿಗೆ. 21 ಮೀಟರಿನಲ್ಲಿ ಕೈತಪ್ಪಿ ಶುದ್ಧ ಆಕ್ಸಿಜನ್ ಬಾಯಿಗೆ ಹಾಕಿಕೊಂಡರೆ ಅದರ ಒತ್ತಡ 3.1 ಬಾರ್ ಆಗುತ್ತದೆ. ನಿಂತು ಕಾಯುವಾಗಲೂ 1.6 ದಾಟಬಾರದು ಅಂತ ಲೆಕ್ಕ. ದಾಟಿದರೆ ಫಿಟ್ಸ್ ಬರಬಹುದು, ನೀರಿನೊಳಗೆ ಫಿಟ್ಸ್ ಬಂದರೆ ಬಾಯಿಂದ ರೆಗ್ಯುಲೇಟರ್ ಬಿದ್ದುಹೋಗುತ್ತದೆ. ಇಷ್ಟೇ ಸಾಕು ಮುಳುಗಿ ಸಾಯಲು.

ಇದಕ್ಕೂ ಎರಡು ಪಂಗಡ. ಒಬ್ಬರು ಆಕ್ಸಿಜನ್ನಿಗೆ ಹಸಿರು ಹೋಸು, ಹಸಿರು ಮುಚ್ಚಳ ಇರಲಿ ಅಂತಾರೆ. ಡಿಐಆರ್‌ನವರು ಬಣ್ಣವೇ ಬೇಡ, ಸಿಲಿಂಡರಿನ ಪಕ್ಕಕ್ಕೆ ಅಂಗೈ ಉದ್ದದ ಅಂಕಿಯಲ್ಲಿ 6 ಅಂತ, 21 ಅಂತ ಆಳ ಮಾತ್ರ ಬರೆಯಿರಿ ಅಂತಾರೆ. ಇದರಲ್ಲಿ ನಾನು ಪೂರ್ತಿ ಅವರ ಕಡೆ. ಆಳದಲ್ಲಿ ಬಣ್ಣಗಳು ಒಂದೊಂದಾಗಿ ಮಂಕಾಗುತ್ತವೆ. ಅದಕ್ಕಿಂತ ಮುಖ್ಯ, ಆ ದೊಡ್ಡ ಅಂಕಿ ನನಗಾಗಿ ಬರೆದದ್ದಲ್ಲ, ದೋಸ್ತನಿಗಾಗಿ. ಗ್ಯಾಸು ಬದಲಾಯಿಸುವಾಗ ಅವನು ನನ್ನ ಎದುರಿಗೆ ಬಂದು ನಿಲ್ಲುತ್ತಾನೆ, ಅಂಕಿ ಓದುತ್ತಾನೆ, ಆಳ ಎಷ್ಟಿದೆ ನೋಡುತ್ತಾನೆ, ನಾನು ತೆರೆದ ವಾಲ್ವಿನಿಂದ ಹೋಸನ್ನು ಬಾಯಿವರೆಗೂ ಕಣ್ಣಲ್ಲೇ ಹಿಂಬಾಲಿಸುತ್ತಾನೆ, ಆಮೇಲೆ ಬೆರಳು ಮಡಚಿ ಓಕೆ ಅಂತಾನೆ. ಅಲ್ಲಿವರೆಗೂ ನಾನು ಬಾಯಲ್ಲಿರೋ ರೆಗ್ಯುಲೇಟರ್ ಬದಲಾಯಿಸುವುದಿಲ್ಲ.

ಹಾಗಂತ ಡಿಐಆರ್‌ನವರು ಹೇಳಿದ್ದೆಲ್ಲ ಸರಿ ಅಂತ ನಾನು ಒಪ್ಪಲ್ಲ. ತಮ್ಮ ಥರ ಮಾಡದವರನ್ನು ಸ್ಟ್ರೋಕ್, ಅಂದರೆ ಜೊತೆಗೆ ಇಳಿಯಲು ಯೋಗ್ಯನಲ್ಲದವನು, ಅಂತ ಬೈದು ಅವಮಾನ ಮಾಡಿದ್ದು ದೊಡ್ಡ ತಪ್ಪು. ಅದರಿಂದ ಎಷ್ಟೋ ಜನ ಒಳ್ಳೆಯ ಮಾತನ್ನೂ ಕೇಳದೆ ಎದ್ದುಹೋದರು. ಉಸಿರನ್ನೇ ಶುದ್ಧ ಮಾಡಿ ಮತ್ತೆ ಬಳಸುವ ರೀಬ್ರೀದರ್ ವಿಷಯದಲ್ಲಿ, ಪೂರ್ತಿ ಮುಚ್ಚಿದ ಥರದ್ದು ಬೇಡವೇ ಬೇಡ ಅಂತ ವರ್ಷಗಟ್ಟಲೆ ಹಠ ಹಿಡಿದರು, ಆಮೇಲೆ ಜಿಯುಇ ಕೂಡ ಅದನ್ನು ಕಲಿಸಲು ಶುರು ಮಾಡಿತು.

ಅದಕ್ಕಿಂತ ದೊಡ್ಡ ಪಾಠ ಆಳದ ನಿಲುಗಡೆಯದು. ಮೇಲೆ ಬರುವಾಗ ತುಂಬ ಕೆಳಗಿಂದಲೇ ನಿಲ್ಲುತ್ತಾ ಬಂದರೆ ಒಳ್ಳೆಯದು ಅಂತ ಡಿಐಆರ್‌ನವರೂ ಬಹಳ ಜನ ಟೆಕ್ನಿಕಲ್ ಡೈವರುಗಳೂ ನಂಬಿದ್ದರು. 2011ರಲ್ಲಿ ಅಮೆರಿಕದ ನೌಕಾಪಡೆಯ ಡೈವಿಂಗ್ ಪ್ರಯೋಗಾಲಯದ ವರದಿ ಬಂತು. ಅಷ್ಟೇ ಒಟ್ಟು ಸಮಯವನ್ನು ಆಳದಲ್ಲಿ ಜಾಸ್ತಿ ಕಳೆದವರಿಗೇ, ಮೇಲ್ಗಡೆ ಕಳೆದವರಿಗಿಂತ ಹೆಚ್ಚು ಡಿಕಂಪ್ರೆಷನ್ ಕಾಯಿಲೆ, ಅಂದರೆ ಮೈಯಲ್ಲಿ ಸೇರಿದ ಗ್ಯಾಸು ಗುಳ್ಳೆಯಾಗಿ ಆಗುವ ತೊಂದರೆ, ಬಂದಿತ್ತು. ಆ ಪ್ರಯೋಗ ನಡೆಸಿದವರಲ್ಲಿ ಮುಖ್ಯನಾದ ಡೇವಿಡ್ ಡೂಲೆಟ್ ಹೊರಗಿನವನಲ್ಲ, ವಕುಲ್ಲಾ ಗುಹೆಗಳಲ್ಲಿ ಅದೇ ತಂಡದ ಜೊತೆ ಇಳಿಯುವವನು. ಇದು ನನಗೆ ಬಹಳ ಗೌರವ ಹುಟ್ಟಿಸಿದ ಸಂಗತಿ. ತಮ್ಮವರ ನಂಬಿಕೆಯನ್ನು ತಮ್ಮವನೇ ಅಳೆದು, ಇದು ಹೀಗಲ್ಲ ಅಂದ.

ಫೋನಿನಲ್ಲಿ ದೋಸ್ತ ಎತ್ತಿದ್ದು ಬೇರೆ ಮಾತು. "ಗುಹೆ ಒಳಗಿಂದ ಆ ಹುಡುಗ್ರನ್ನ ತಂದೋರು ಯಾರಲೇ? ಅವರೇನು ನಿನ್ನಂಗ ಏಳಡಿ ಹೋಸು ಸುತ್ಗೊಂಡಿದ್ರೇನು?" ಅಂದ. 2018ರ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯ ಮಾತು. ನೀರು ತುಂಬಿ ಒಳಗೆ ಸಿಕ್ಕಿಬಿದ್ದ 12 ಹುಡುಗರು, ಅವರ ಕೋಚ್. ಮೊದಲು ಅವರನ್ನು ಕಂಡುಹಿಡಿದ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್ ಬ್ರಿಟನ್ನಿನವರು. ಬ್ರಿಟನ್ನಿನ ಗುಹೆಗಳು ಫ್ಲೋರಿಡಾದ ಹಾಗಲ್ಲ. ಇಕ್ಕಟ್ಟು, ಕೆಸರು, ಕಣ್ಣು ಕಾಣದ ತಣ್ಣೀರು. ಸಿಲಿಂಡರನ್ನು ಪಕ್ಕೆಗೆ ಕಟ್ಟಿಕೊಳ್ಳುವ ಪದ್ಧತಿ ಬೆಳೆದದ್ದೇ ಅಂಥ ಬಿಲಗಳಲ್ಲಿ ತೆವಳಿ ತೆವಳಿ. ಬೆನ್ನ ಮೇಲೆ ಜೋಡಿ ಸಿಲಿಂಡರ್ ಇದ್ದರೆ ಅಲ್ಲಿ ನುಸುಳಲು ಆಗುವುದೇ ಇಲ್ಲ. ಬೇಕಾದ ಸಾಮಾನನ್ನು ತಾವೇ ಕೂತು ಮಾಡಿಕೊಳ್ಳುವುದು ಅವರಲ್ಲಿ ಹಳೆಯ ರೂಢಿ. ಜುಲೈ 8ರಿಂದ 10ರವರೆಗೆ ಮೂರು ದಿನದಲ್ಲಿ ಹದಿಮೂರೂ ಜನರನ್ನು ಜೀವಂತ ಹೊರಗೆ ತಂದರು. ಅದಕ್ಕೆ ಮುಂಚೆ, ಗುಹೆಯೊಳಗೆ ಸಿಲಿಂಡರ್ ಇಟ್ಟು ವಾಪಸ್ ಬರುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನನ್ ಪ್ರಾಣ ಕೊಟ್ಟಿದ್ದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಬೇಕಾಗಿಯೂ ಇಲ್ಲ, ಅವನು ಹೇಳಿದ್ದು ನಿಜ. ಆದರೆ ನಾನು ಒಂದು ಮಾತು ಕೇಳಿದೆ: ಆ ಬ್ರಿಟನ್ನಿನವರು ವರ್ಷಗಟ್ಟಲೆ ಅದೇ ಥರದ ಬಿಲಗಳಲ್ಲಿ ಒಟ್ಟಿಗೆ ಇಳಿದವರು, ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿತ್ತು. ನಿನ್ನ ಪಕ್ಕೆಯ ಸಿಲಿಂಡರ್ ನನ್ನ ಕೈಗೆ ಗೊತ್ತಿದೆಯಾ?

ಇದು ಸುಮ್ನೆ ಕೇಳಿದ್ದಲ್ಲ. ಎರಡು ವರ್ಷದ ಹಿಂದೆ ಒಂದು ಕೋರ್ಸಿನಲ್ಲಿ ನನಗೆ ಗುರುತಿಲ್ಲದ ಒಬ್ಬ ಡೈವರ್ ಜೋಡಿಯಾಗಿ ಸಿಕ್ಕಿದ್ದ. 10 ಮೀಟರಿನಲ್ಲಿ ಅಭ್ಯಾಸ, ಗಾಳಿ ಮುಗಿಯಿತು ಅಂತ ನಾನು ಕೈಸನ್ನೆ ಮಾಡಬೇಕು. ಮಾಡಿದೆ. ನನ್ನ ಕಣ್ಣು ಅವನ ಬಾಯಿಯ ಮೇಲೆ, ಅಲ್ಲಿಂದ ಬರುತ್ತದೆ ಅಂತ. ಅವನು ತನ್ನ ಪದ್ಧತಿಯಂತೆ ಪಕ್ಕದಲ್ಲಿ ಸಿಕ್ಕಿಸಿದ್ದ ಹಳದಿ ರೆಗ್ಯುಲೇಟರ್ ತೆಗೆದು ಕೊಟ್ಟ. ಅದು ತಲೆಕೆಳಗಾಗಿ ನನ್ನ ಬಾಯಿಗೆ ಬಂತು, ಮೊದಲ ಉಸಿರಿಗೇ ಅರ್ಧ ಉಪ್ಪುನೀರು. ಕೆಮ್ಮುತ್ತಾ ಸರಿ ಮಾಡಿಕೊಂಡೆ, ಏನೂ ಆಗಲಿಲ್ಲ. ಅವನದೂ ತಪ್ಪಲ್ಲ, ನನ್ನದೂ ತಪ್ಪಲ್ಲ. ಇಬ್ಬರೂ ಕಲಿತದ್ದನ್ನು ಸರಿಯಾಗಿಯೇ ಮಾಡಿದ್ದೆವು. ಎರಡು ಸರಿಗಳ ನಡುವೆ ನೀರು ನುಗ್ಗಿತು.

ಅದೇ ದಿನ ದೋಣಿಯ ಮೇಲೆ ಗುರುಗಳು ನಮ್ಮಿಬ್ಬರನ್ನೂ ಕೂರಿಸಿ ಲೆಕ್ಕ ಬರೆಸಿದರು. ಇಬ್ಬರ ಸಿಲಿಂಡರಿನ ಒತ್ತಡದ ಮೀಟರೂ 200 ಬಾರ್ ತೋರಿಸುತ್ತಿತ್ತು. ನನ್ನದು 12 ಲೀಟರಿನ ಜೋಡಿ, ಅಂದರೆ 4,800 ಲೀಟರ್ ಗಾಳಿ. ಅವನದು ಎಂಟೂವರೆ ಲೀಟರಿನ ಜೋಡಿ, 3,400 ಲೀಟರ್. ಗುಹೆಯ ನಿಯಮ ಮೂರನೇ ಒಂದು ಭಾಗದ್ದು: ಒಂದು ಪಾಲು ಹೋಗಲು, ಒಂದು ಬರಲು, ಒಂದು ದೋಸ್ತನಿಗೆ. ನನ್ನ ಪಾಲು 1,600, ಅವನದು 1,133. ಇಬ್ಬರೂ ತಮ್ಮ ತಮ್ಮ ಪಾಲು ಮುಗಿಸಿ ತಿರುಗುವ ಜಾಗದಲ್ಲಿ ನನ್ನ ಗಾಳಿ ಪೂರ್ತಿ ಹೋಯಿತು ಅಂದುಕೊಳ್ಳಿ. ಅವನ ಹತ್ತಿರ ಉಳಿದದ್ದು 2,267 ಲೀಟರ್. ಇಬ್ಬರೂ ಹೊರಗೆ ಬರಲು ಬೇಕಾದದ್ದು 2,733. ಸುಮಾರು 466 ಲೀಟರ್ ಕಡಿಮೆ. ಬಾಗಿಲು ಇನ್ನೂ ದೂರ ಇರುವಾಗಲೇ ಇಬ್ಬರಿಗೂ ಗಾಳಿ ಮುಗಿಯುತ್ತದೆ. ಮೀಟರಿನ ಮುಳ್ಳು ಇಬ್ಬರಿಗೂ ಒಂದೇ ಅಂಕಿ ತೋರಿಸಿದ್ದು, ಇಬ್ಬರೂ ನಿಯಮ ಪಾಲಿಸಿದ್ದು. ಆ ಹಾಳೆ ಇನ್ನೂ ನನ್ನ ಲಾಗ್‌ಬುಕ್ಕಿನಲ್ಲಿದೆ, ಉಪ್ಪುನೀರು ಬಿದ್ದು ಶಾಯಿ ಹರಡಿದೆ.

ಹೀಗಾಗಿ ನನ್ನ ಮಟ್ಟಿಗೆ ಯಾವ ಪದ್ಧತಿ ಲೋಕಕ್ಕೆಲ್ಲ ಸರಿ ಅನ್ನೋ ಪ್ರಶ್ನೆಗಿಂತ, ಈ ಡೈವಿಗೆ ಇಳಿಯುವ ಇಬ್ಬರದೂ ಒಂದೇ ಪದ್ಧತಿಯಾ ಅನ್ನೋ ಪ್ರಶ್ನೆ ಸಾವಿರ ಪಾಲು ದೊಡ್ಡದು. ಪ್ರತಿ ನಿಯಮದ ಜೊತೆ ಅದರ ಕಾರಣವೂ ಗೊತ್ತಿರಬೇಕು. ಲೋಹದ ಕ್ಲಿಪ್ಪನ್ನು ಲೋಹದ ಬಳೆಗೆ ನೇರವಾಗಿ ಸಿಕ್ಕಿಸಬೇಡ, ನಡುವೆ ದಾರ ಕಟ್ಟು ಅಂತಾರೆ. ಯಾಕೆ? ಎಲ್ಲೋ ಸಿಕ್ಕಿಹಾಕಿಕೊಂಡರೆ ಚಾಕುವಿನಿಂದ ದಾರ ಕೊಯ್ದು ಬಿಡಿಸಿಕೊಳ್ಳಬಹುದು, ಲೋಹ ಕೊಯ್ಯಲು ಆಗಲ್ಲ. ಕಾರಣ ಗೊತ್ತಿದ್ದವನು ಆ ದಾರವನ್ನು ಎಂದೂ ಮರೆಯುವುದಿಲ್ಲ.

ದೋಸ್ತನ ಕಾರಣವೂ ಕೇಳಬೇಕಲ್ಲ. ಅವನಿಗೆ ಸೊಂಟ ನೋವು. ಜೋಡಿ ಸಿಲಿಂಡರ್ ಹೊತ್ತು ದೋಣಿಯ ಏಣಿ ಹತ್ತುವಾಗ ಅವನ ಮುಖ ನೋಡಿದ್ದೇನೆ. ಇನ್ನೊಂದು, ನಮ್ಮ ದೇಶದಲ್ಲಿ ಜೋಡಿ ಸಿಲಿಂಡರ್ ಬಾಡಿಗೆಗೆ ಸಿಗೋದು ಬಹಳ ಕಷ್ಟ. ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ ಮಾತ್ರ ಎಲ್ಲ ಕಡೆ ಇರುತ್ತದೆ, ಅಂಥವು ಎರಡು ಸಿಕ್ಕರೆ ಸೈಡ್‌ಮೌಂಟಿಗೆ ಸಾಕು. ಫ್ಲೋರಿಡಾದವರು ತಮ್ಮ ಊರಿನ ಗುಹೆ ನೋಡಿ ಮಾಡಿದ ಕ್ರಮ ರಾಯಚೂರಿನವನ ಸೊಂಟ ನೋಡಿರಲಿಲ್ಲ. ಈ ಮಾತಿಗೆ ನಾನು ಸೋತೆ, ಸೋತದ್ದಕ್ಕೆ ಬೇಜಾರಿಲ್ಲ.

ಆಮೇಲೆ ಒಂದು ದಿನ ಆನೆಗುಂದಿಗೆ ಹೋಗಿದ್ದೆ, ಸೋದರಮಾವನ ಮನೆಗೆ. ಅವರು ಬಹಳ ವರ್ಷ ಹರಿಗೋಲು ನಡೆಸಿದವರು, ತುಂಗಭದ್ರೆಯ ಸುಳಿ ಎಲ್ಲೆಲ್ಲಿದೆ ಅಂತ ಬಲ್ಲವರು. ಊಟ ಆದ ಮೇಲೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು, "ದಡದ ಮ್ಯಾಲೆ ಎಷ್ಟರ ಜಗಳಾಡ್ರಿ. ನೀರಾಗ ಇಳದ ಮ್ಯಾಲೆ ಬಿಡ್ಸಾಕ ಯಾರೂ ಇರಂಗಿಲ್ಲ" ಅಂದರು.

ನಿನ್ನೆ ದೋಸ್ತ ಸಾಮಾನು ಹೊತ್ತುಕೊಂಡು ಬಳ್ಳಾರಿಗೇ ಬಂದ. ಸಂಜೆ ಮನೆಯ ಮಾಳಿಗೆಯ ಮೇಲೆ ಇಬ್ಬರೂ ಎಲ್ಲ ಕಟ್ಟಿಕೊಂಡು ನಿಂತೆವು, ಪಕ್ಕದ ಮನೆಯ ಮಕ್ಕಳು ಗೋಡೆ ಹತ್ತಿ ನೋಡುತ್ತಿದ್ದರು. ಸೈಡ್‌ಮೌಂಟಿನಲ್ಲಿ ಒಂದು ತೊಡಕಿದೆ. ಅವನು ಒಮ್ಮೆ ಬಲ ಸಿಲಿಂಡರಿನಿಂದ, ಒಮ್ಮೆ ಎಡದ್ದರಿಂದ ಉಸಿರಾಡುತ್ತಾನೆ, ಎರಡೂ ಸಮವಾಗಿ ಇಳಿಯಲಿ ಅಂತ. ಹಾಗಾಗಿ ಬಾಯಲ್ಲಿ ಯಾವಾಗಲೂ ಉದ್ದದ ಹೋಸೇ ಇರುತ್ತದೆ ಅಂತ ಹೇಳಲು ಆಗಲ್ಲ. ಚಿಕ್ಕದು ಬಾಯಲ್ಲಿದ್ದರೆ ಉದ್ದದ್ದು ಎದೆಯ ಬಳೆಗೆ ಕ್ಲಿಪ್ಪಾಗಿರುತ್ತದೆ. ನಾನು ಕಣ್ಣು ಮುಚ್ಚಿಕೊಂಡು ಅವನ ಬಲ ಎದೆಗೆ ಕೈ ಹಾಕಿ ಎಳೆದೆ. ಬರಲಿಲ್ಲ. ಕ್ಲಿಪ್ಪಿಗೆ ನೈಲಾನ್ ದಾರ ಬಿಗಿಯಾಗಿ ಕಟ್ಟಿದ್ದ. ಅದನ್ನು ಕೊಯ್ದು, ಎಳೆದರೆ ಬಿಟ್ಟುಕೊಳ್ಳುವ ಸಣ್ಣ ರಬ್ಬರ್ ಉಂಗುರ ಹಾಕಿದೆವು. ಮತ್ತೆ ಕಣ್ಣು ಮುಚ್ಚಿದೆ, ಮತ್ತೆ ಎಳೆದೆ. ಬಂತು. ಇನ್ನೊಂದು ಸಲ, ಅವನು ನನ್ನ ಹಿಂದೆ ಇರುವಾಗ. ಬಂತು. ಚಿಕ್ಕದು ಬಾಯಲ್ಲಿದ್ದಾಗ ಇಪ್ಪತ್ತು ಸಲ, ಉದ್ದದ್ದು ಬಾಯಲ್ಲಿದ್ದಾಗ ಇಪ್ಪತ್ತು ಸಲ. ಆಮೇಲೆ ಅವನು ಕಣ್ಣು ಮುಚ್ಚಿಕೊಂಡ, ನಾನು ನಿಂತೆ. ಕತ್ತಲಾಗುವ ಹೊತ್ತಿಗೆ ಎರಡು ಸಲ ಮಾತ್ರ ತಪ್ಪಿತ್ತು, ಎರಡೂ ಸಲ ಅವನ ಕೈ ಹಳೆಯ ಅಭ್ಯಾಸಕ್ಕೆ ನನ್ನ ಕತ್ತಿನ ಕಡೆ ಹೋಗಿತ್ತು. "ಇನ್ನೂ ಮೂರು ತಿಂಗಳೈತಲ್ಲಲೇ" ಅಂದ. ಮುಂದಿನ ಭಾನುವಾರ ನಾನು ರಾಯಚೂರಿಗೆ ಹೋಗಬೇಕು.